ಕಟ್ಟೆಯ ಮಾತು ಕದ್ದು ಕೇಳಿದ್ದು ನಾನೇ

ನಮ್ಮ ಮನೆಯ ದಾಸವಾಳ ಕದಿಯುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ.

ಏಕವಚನದಲ್ಲಿ ಬರೆದುಬಿಟ್ಟೆ, ಕ್ಷಮಿಸಿ. ಸಿಕ್ಕಿಬಿದ್ದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಅವರು. ಈಗ ಎಂಬತ್ತರ ಆಸುಪಾಸು. ಬೆಳಿಗ್ಗೆ ತಲೆಗೆ ಮಫ್ಲರ್ ಸುತ್ತಿಕೊಂಡು, ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು, ನಮ್ಮ ಕಾಂಪೌಂಡಿನ ಹೊರಗೆ ನಿಂತು, ಕೊಂಬೆ ಬಗ್ಗಿಸಿ, ಒಂದೊಂದೇ ಹೂ ಬಿಡಿಸಿ ಚೀಲಕ್ಕೆ ಹಾಕಿಕೊಳ್ಳುವುದು ಸಿಸಿ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬಂದಿತ್ತು. ಮೊದಲಿಂದಲೂ ಅವರ ಕೆಲಸವೆಲ್ಲ ಅಚ್ಚುಕಟ್ಟು. ಒಂದು ಮೊಗ್ಗನ್ನೂ ಬಿಟ್ಟಿರಲಿಲ್ಲ.

ಏನು ಮಾಡುತ್ತೀರಿ? ನಾನೂ ಸುಮ್ಮನಾದೆ. ಅವರ ಮನೆಯ ದೇವರಿಗೂ ಹೂ ಬೇಕಲ್ಲ?

ಇಷ್ಟಕ್ಕಾಗಿ ಕ್ಯಾಮೆರಾ ಹಾಕಿಸಿದ್ದೆ ನೋಡಿ. ಮೂರು ತಿಂಗಳಿಂದ ಬೆಳಿಗ್ಗೆ ಏಳುವಷ್ಟರಲ್ಲಿ ಗಿಡ ಬೋಳಾಗಿರುತ್ತಿತ್ತು. ದಿನಾ ಹೂವಿನ ಹಡಗಲಿಗೆ ಹೋಗಿ ಬರುವ ಗಂಡ, ಮನೆಯಲ್ಲಿ ದೇವರ ತಲೆಯ ಮೇಲೆ ಒಂದು ಹೂವಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಗೊಣಗುತ್ತಿದ್ದಳು. (ನನ್ನ ಮನೆ ಹಗರಿಬೊಮ್ಮನಹಳ್ಳಿಯಲ್ಲಿ, ಕೆಲಸ ಹಡಗಲಿಯ ಒಂದು ಕಾಲೇಜಿನಲ್ಲಿ. ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ, ಪೇಪರಿಗೆ ಅಂಕಣ ಬರೆಯುತ್ತೇನೆ. ಮಲ್ಲಿಗೆಯ ಊರಲ್ಲಿ ದುಡಿದು ಮನೆಯಲ್ಲಿ ದಾಸವಾಳಕ್ಕೆ ಅಳುವುದು ನನ್ನ ಹಣೆಬರಹ.)

ಕಳ್ಳ ಸಿಕ್ಕ ಮೇಲೆ ಕ್ಯಾಮೆರಾದ ಕೆಲಸ ಮುಗಿಯಿತು. ಬಿಚ್ಚಿಸಬೇಕಿತ್ತು ತಾನೇ? ಬಿಚ್ಚಿಸಲಿಲ್ಲ. ಇರಲಿ, ಒಂದು ಸೇಫ್ಟಿ ಅಂದುಕೊಂಡೆ. ಕ್ಯಾಮೆರಾದ ವಿಷಯದಲ್ಲಿ ಎಲ್ಲರೂ ಅಂದುಕೊಳ್ಳುವುದು ಅದನ್ನೇ. ಹಾಕಿಸಲು ಒಂದು ಕಾರಣ ಬೇಕು. ಉಳಿಸಿಕೊಳ್ಳಲು ಯಾವ ಕಾರಣವೂ ಬೇಡ.

ಕ್ಯಾಮೆರಾ ಕೂರಿಸಿದ ಅಂಗಡಿಯವನು ಹೋಗುವಾಗ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಎಲ್ಲಿ ಕೂತರೂ ನೋಡಬಹುದು ಎಂದ. ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸಿದ.

"ಬರೇ ಚಿತ್ರ ಅಲ್ರಿ ಸರ್, ಇದರಾಗ ಮಾತೂ ಕೇಳಿಸ್ತೈತಿ."

ಈ ಮಾತನ್ನು ನಾನು ಗಿರಿಜಾಗೆ ಹೇಳಲಿಲ್ಲ. ಮುಚ್ಚಿಟ್ಟೆ ಅಂತಲ್ಲ, ಆಗ ಅದು ಅಷ್ಟು ಮುಖ್ಯ ಅನಿಸಲಿಲ್ಲ. (ಹಾಗೆಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.)

ನಮ್ಮ ಗೇಟಿನ ಎದುರಿಗೆ ನಿಂಗಮ್ಮಜ್ಜಿಯ ಮನೆ. ಮನೆಯ ಮುಂದೆ ಬೇವಿನ ಮರ, ಮರದ ಸುತ್ತ ಕಟ್ಟೆ. ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮ ಓಣಿಯ ಹೆಂಗಸರಿಗೆ ಅದೇ ಜಾಗ. ಅಕ್ಕಿ ಆರಿಸುವವರು ಅಕ್ಕಿ ಆರಿಸುತ್ತಾರೆ, ಶೇಂಗಾ ಸುಲಿಯುವವರು ಶೇಂಗಾ ಸುಲಿಯುತ್ತಾರೆ. ಮೂರನೇ ಮನೆಯ ಹಾಜಿರಾ ಹೊಲಿಗೆ ಮಾಡುವವಳು, ತಂದ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತ ಕೂರುತ್ತಾಳೆ. ಗಿರಿಜಾ ಕೂಡ ಮೊರ ಹಿಡಿದು ಹೋಗುತ್ತಾಳೆ. ಕೈಗೆ ಒಂದು ಕೆಲಸ ಬೇಕು, ಅಷ್ಟೇ. ನಿಜವಾದ ಕೆಲಸ ನಾಲಿಗೆಯದು.

ಗೇಟಿನ ಪಕ್ಕದ ಗಿಡ ನೋಡಲಿ ಎಂದು ಹಾಕಿದ ಕ್ಯಾಮೆರಾ ಆ ಕಟ್ಟೆಯನ್ನೂ ನೋಡುತ್ತಿತ್ತು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಖಾಲಿ ಕೂತಿದ್ದೆ. ಬೇಜಾರಿಗೆ ಆ್ಯಪ್ ತೆರೆದೆ. ಕಟ್ಟೆ ಕಂಡಿತು. ಇಯರ್‌ಫೋನ್ ಹಾಕಿಕೊಂಡೆ. ನಿಂಗಮ್ಮಜ್ಜಿಯ ದನಿ ನನ್ನ ಕಿವಿಯೊಳಗೇ ಕೂತು ಮಾತಾಡಿದಂತೆ ಕೇಳಿತು. ನಮ್ಮ ವಾರ್ಡಿನ ಮೆಂಬರನ ವಿಷಯ ನಡೆದಿತ್ತು.

"ನಲ್ಲಿ ನೀರು ಬರೋದು, ಮೆಂಬರ್ ಬರೋದು, ಎರಡೂ ಒಂದ ನೋಡವ್ವ. ಬರ್ತೈತಿ ಅಂತ ಸುದ್ದಿ ಬರ್ತೈತಿ."

ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಇತಿಹಾಸದ ಮೇಷ್ಟ್ರು ಏನು ಕಾಮಿಡಿ ಎಂದು ಕೇಳಿದರು. ಯೂಟ್ಯೂಬ್ ಎಂದೆ.

ಅಂದಿನಿಂದ ಚಟ ಹತ್ತಿತು. ಮೂರು ಗಂಟೆಗೆ ಟೀ ಬರುತ್ತಿತ್ತು, ಟೀ ಜೊತೆಗೆ ಕಟ್ಟೆ. ಅಲ್ಲಿ ಸರ್ಕಾರ ಬೀಳುತ್ತಿತ್ತು, ಏಳುತ್ತಿತ್ತು. ದೇವರಿಗೂ ಬೈಗುಳ ತಪ್ಪುತ್ತಿರಲಿಲ್ಲ. ಅತ್ತೆಯಂದಿರು, ಗಂಡಂದಿರು, ಸೊಂಟನೋವು, ಮಕ್ಕಳ ಮೊಬೈಲು, ಯಾವುದಕ್ಕೂ ಅಡೆತಡೆ ಇಲ್ಲ. ಯಾರಾದರೂ ಕೇಳಿಸಿಕೊಂಡಾರು ಎಂಬ ಅಳುಕಿಲ್ಲದೆ ಆಡುವ ಮಾತಿಗೆ ಒಂದು ರುಚಿ ಇರುತ್ತದೆ. ಅದು ನಮ್ಮಂಥವರಿಗೆ ಮರೆತೇ ಹೋಗಿದೆ.

ನನ್ನದೇ ಉದಾಹರಣೆ ಕೊಡುತ್ತೇನೆ. ಎರಡು ತಿಂಗಳ ಹಿಂದೆ ನಾನು ದಿನಾ ಓಡಾಡುವ ರಸ್ತೆಯ ಗುಂಡಿಗಳ ಬಗ್ಗೆ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದೆ. ಪೋಸ್ಟ್ ಒತ್ತಿದ ಮೇಲೆ ಅಳುಕು ಸುರುವಾಯಿತು. ಯಾರು ಸ್ಕ್ರೀನ್‌ಶಾಟ್ ಹೊಡೆಯುತ್ತಾರೋ, ಯಾರಿಗೆ ಕಳಿಸುತ್ತಾರೋ, ಯಾವ ಪಕ್ಷದವನು ಎಂದು ಕಮೆಂಟ್ ಬರುತ್ತದೋ, ಕಾಲೇಜಿನ ಕಮಿಟಿಯವರು ಏನೆಂದುಕೊಳ್ಳುತ್ತಾರೋ. ಮೂರನೇ ನಿಮಿಷಕ್ಕೆ ಡಿಲೀಟ್ ಮಾಡಿದೆ. ಒಂದು ಲೈಕ್ ಬಂದಿತ್ತು, ಪಾಪ. ನನಗೆ ಯಾರೂ ಬೆದರಿಕೆ ಹಾಕಿರಲಿಲ್ಲ. ನೋಟಿಸ್ ಬಂದಿರಲಿಲ್ಲ. ಯಾರೋ ನೋಡುತ್ತಿರಬಹುದು ಎಂಬ ಯೋಚನೆಯೊಂದೇ ಸಾಕಾಯಿತು.

ಹೀಗೆ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡ ಮನುಷ್ಯ ಬೇರೆಯವರ ಮಾತು ಕೇಳಲು ಇಯರ್‌ಫೋನ್ ಹಾಕಿಕೊಂಡು ಕೂತಿದ್ದ.

ಒಂದು ದಿನ ಗಿರಿಜಾಳ ಮಾತೂ ಕೇಳಿತು. ವಿಷಯ, ನಾನೇ.

"ನಮ್ಮನಿಯಾರಿಗೆ ಪೇಪರ್ನಾಗ ಬರಿಯಾಕ ಊರ ತುಂಬ ಮಾತು ಅದಾವ. ಮನಿಯಾಗ ಮೂರ ಮಾತು. ಚಾ, ಟವಲ್, ಹೋಗಿ ಬರ್ತೀನಿ."

ಕಟ್ಟೆ ಪೂರ್ತಿ ನಕ್ಕಿತು. ನನಗೆ ನಗು ಬರಲಿಲ್ಲ. ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಏನಾಯಿತೆಂದು ಅವಳು ಕೇಳಿದಳು, ಏನಿಲ್ಲ ಎಂದೆ. ತಾನು ಮಾಡಿದ ತಪ್ಪೇನೆಂದು ಅವಳಿಗೆ ಗೊತ್ತಾಗುವಂತಿರಲಿಲ್ಲ. ಶಿಕ್ಷೆ ಮಾತ್ರ ಆಗುತ್ತಿತ್ತು. (ಇಂಥ ಕಾನೂನು ಯಾವ ದೇಶದಲ್ಲಿರುತ್ತದೆ ಎಂದು ನಾನು ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ.)

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಮುಂದಿನದು ರೇಣುಕಾಳ ವಿಷಯ.

ರೇಣುಕಾ ನಮ್ಮ ಓಣಿಯ ಸೊಸೆ. ಪಿಯುಸಿ ಮುಗಿಸಿದವಳು. ಗಂಡ ಕೊಟ್ರೇಶ ಗೂಡ್ಸ್ ಆಟೋ ಓಡಿಸುತ್ತಾನೆ, ಒಳ್ಳೆಯ ಹುಡುಗ. ಅಂದು ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ದನಿ ತಗ್ಗಿಸಿ ಒಂದು ಸುದ್ದಿ ಹೇಳಿದಳು. ಸಾರಿಗೆ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಿದ್ದಾಳಂತೆ. ಹೆಂಗಸರೆಲ್ಲ ಖುಷಿಪಟ್ಟರು. ನಿಂಗಮ್ಮಜ್ಜಿ ತನಗೆ ಆಧಾರ್ ಕಾರ್ಡ್ ಕೇಳಬಾರದೆಂದು ಈಗಲೇ ಕರಾರು ಮಾಡಿಕೊಂಡಳು. ಸ್ಟಾಫ್ ರೂಮಿನಲ್ಲಿ ನಾನೂ ಖುಷಿಪಟ್ಟೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡು ಕ್ಲಾಸಿಗೆ ಹೋದೆ.

ಆ ದಿನದ ಪಾಠ ಮೂಲಭೂತ ಹಕ್ಕುಗಳು. ನಾನು ಕತೆ ಕಟ್ಟಿದ್ದಲ್ಲ, ಟೈಮ್‌ಟೇಬಲ್ಲೇ ಹಾಗಿತ್ತು.

ಬೆಲ್ ಹೊಡೆದ ಮೇಲೆ ರೇಣುಕಾ ಇನ್ನೊಂದು ಮಾತು ಹೇಳಿದ್ದಳಂತೆ, ನನಗೆ ಗೊತ್ತಾದದ್ದು ಆಮೇಲೆ. ಗಂಡನಿಗೆ, ಅತ್ತೆಗೆ ಇನ್ನೂ ಹೇಳಿಲ್ಲ, ಒಳ್ಳೆಯ ಸಮಯ ನೋಡಿ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಬಾಯಿ ಬಿಡಬೇಡಿ ಎಂದು. ಎಲ್ಲರೂ ಮಾತು ಕೊಟ್ಟರು. ಗಿರಿಜಾ ಕೂಡ. ಅವಳು ಆ ಮಾತನ್ನು ಎಷ್ಟು ಉಳಿಸಿಕೊಂಡಳೆಂದರೆ ನನಗೂ ಹೇಳಲಿಲ್ಲ.

ಕದ್ದು ಕೇಳುವವನಿಗೆ ಅರ್ಧವೇ ಕೇಳಿಸುವುದು. ಆದರೆ ತನಗೆ ಪೂರ್ತಿ ಗೊತ್ತು ಎಂಬ ಧೈರ್ಯ ಅವನಿಗಿರುತ್ತದೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೊಟ್ರೇಶ ಸಿಕ್ಕ. ಮಂಡಕ್ಕಿ, ಮಿರ್ಚಿ ಹಿಡಿದು ಕೂತಿದ್ದ. ಪಕ್ಕದಲ್ಲಿ ಇನ್ನಿಬ್ಬರು ಆಟೋದವರು. ನಾನು ಹೋದವನೇ ಬೆನ್ನು ತಟ್ಟಿದೆ. ಹೆಂಡತಿಯನ್ನು ಕಂಡಕ್ಟರ್ ಮಾಡುತ್ತಿದ್ದೀಯಂತೆ, ಭೇಷ್, ನಿನ್ನಂಥ ಗಂಡಂದಿರು ಬೇಕು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದೆ.

ಕೊಟ್ರೇಶ ಮಿರ್ಚಿಯನ್ನು ತಟ್ಟೆಗೆ ಇಟ್ಟ.

"ನಿಮಗ ಯಾರು ಹೇಳಿದ್ರಿ ಸರ್?" ಎಂದ.

ಆಗಲೇ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಹೀಗೇ ಯಾರೋ ಅಂದರು ಎಂದು ತೇಲಿಸಿ, ಹಡಗಲಿ ಬಸ್ಸು ಬಂತೆಂದು ಎದ್ದುಬಿಟ್ಟೆ. ಬಸ್ಸು ಇನ್ನೂ ಬಂದಿರಲಿಲ್ಲ.

ಮನೆಗೆ ಹೋಗಿ ಕೊಟ್ರೇಶ ಹೆಂಡತಿಯನ್ನು ಕೇಳಿದನಂತೆ. ಅರ್ಜಿ ಹಾಕಿದ್ದು ನಿಜ ಎಂದು ಅವಳು ಒಪ್ಪಿಕೊಂಡಳು. ಅವನ ಪ್ರಶ್ನೆ ಅರ್ಜಿಯದಾಗಿರಲಿಲ್ಲ. ಗಂಡನಿಗೆ ಗೊತ್ತಿಲ್ಲದ್ದು ಓಣಿಯ ಮೇಷ್ಟ್ರಿಗೆ, ಅಂದರೆ ನನಗೆ, ಹೇಗೆ ಗೊತ್ತು? ಅವಳಿಗೆ ಎಲ್ಲಿಂದ ಬರಬೇಕು ಉತ್ತರ? ಅತ್ತೆ ನಡುವೆ ಬಂದರು. ಮನೆಯ ಮಾತು ಬೀದಿಗೆ ಹಾಕುವವಳು ನಾಳೆ ಬಸ್ಸಿನಲ್ಲಿ ಊರೂರು ತಿರುಗುತ್ತಾಳಂತೆ ಎಂದರು. ಗಂಡ ಹೆಂಡತಿ ಮಾತು ಬಿಟ್ಟರು.

ಇತ್ತ ಕಟ್ಟೆಯಲ್ಲಿ ವಿಚಾರಣೆ ನಡೆಯಿತು. ಬಹಳ ಹೊತ್ತು ಬೇಕಾಗಲಿಲ್ಲ. ಸುದ್ದಿ ಹೋಗಿದ್ದು ಮೇಷ್ಟ್ರ ಬಾಯಿಂದ. ಮೇಷ್ಟ್ರಿಗೆ ಹೇಳುವವರು ಯಾರು? ಮೇಷ್ಟ್ರ ಹೆಂಡತಿ.

ಸಂಜೆ ನಾನು ಬಂದಾಗ ಗಿರಿಜಾ ನಡುಮನೆಯಲ್ಲಿ ಕೂತಿದ್ದಳು. ರೇಣುಕಾಳ ವಿಷಯ ನಿಮಗೆ ಯಾರು ಹೇಳಿದರು ಎಂದು ನೇರವಾಗಿ ಕೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅಂದರು ಎಂದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಸುಳ್ಳೇ ಹೇಳಿಲ್ಲ ಎಂದಲ್ಲ. ಆದರೆ ಅಂದು ಹೇಳಿದ್ದು ಅವಳ ತಲೆಯ ಮೇಲೆ ಬೀಳುವ ಸುಳ್ಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಮರುದಿನ ಮೂರು ಗಂಟೆಗೆ ಸ್ಟಾಫ್ ರೂಮಿನಲ್ಲಿ ಕೈ ತಾನಾಗಿ ಮೊಬೈಲಿಗೆ ಹೋಯಿತು. ಕಟ್ಟೆಯಲ್ಲಿ ಎಲ್ಲರೂ ಇದ್ದರು. ಗಿರಿಜಾ ಇರಲಿಲ್ಲ. ಅವಳು ಕೂರುವ ಜಾಗದಲ್ಲಿ ಯಾರದೋ ಶೇಂಗಾ ಬುಟ್ಟಿ ಇತ್ತು. ನಿಂಗಮ್ಮಜ್ಜಿ ಹೇಳುತ್ತಿದ್ದಳು.

"ಓದಿದಾಕಿ, ಹೊಟ್ಟಿಯಾಗ ಇಟ್ಕಂತಾಳ ಅಂತ ತಿಳಕೊಂಡಿದ್ವಿ. ಹಿಂಗ ಮಾಡ್ತಾಳಂತ ಅನಿಸಿದ್ದಿಲ್ಲ."

ಯಾರೂ ಅದನ್ನು ಅಲ್ಲಗಳೆಯಲಿಲ್ಲ.

ಅದೇ ಹೊತ್ತಿಗೆ ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಆ ಓದಿದಾಕೆ ಒಬ್ಬಳೇ ಅಕ್ಕಿ ಆರಿಸುತ್ತ ಕೂತಿದ್ದಾಳೆ ಎಂದು ನನಗೆ ಗೊತ್ತಿತ್ತು. ಅದನ್ನು ನೋಡಲು ಕ್ಯಾಮೆರಾ ಬೇಕಿರಲಿಲ್ಲ.

ಪ್ರಿನ್ಸಿಪಾಲರಿಗೆ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಒಳ್ಳೆಯ ವಾಕ್ಯಗಳು ಹೊಳೆದವು. (ಅಂಕಣ ಬರೆಯುವವರ ರೋಗ ಇದು, ತಪ್ಪು ಒಪ್ಪಿಕೊಳ್ಳುವಾಗಲೂ ಶೈಲಿ ಹುಡುಕುತ್ತೇವೆ.) ಮನೆಯ ಬಾಗಿಲಲ್ಲಿ ಎಲ್ಲ ಮರೆತುಹೋಯಿತು. ಕ್ಯಾಮೆರಾದಲ್ಲಿ ಮಾತೂ ಕೇಳಿಸುತ್ತದೆ, ಮೂರು ವಾರದಿಂದ ಕೇಳುತ್ತಿದ್ದೇನೆ ಎಂದಷ್ಟೇ ಹೇಳಿದೆ.

ಗಿರಿಜಾ ಮೊರ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಸಲೀಸಾಗಿತ್ತು.

"ಅಲ್ಲೇ ನಾನೂ ಕುಂತಿರ್ತೀನಲ್ರಿ," ಎಂದಳು.

ಆ ಎರಡು ದಿನ ಮುಖ ಊದಿಸಿಕೊಂಡು ತಿರುಗಿದ್ದು ಇದಕ್ಕೇ ಏನು ಎಂದು ಕೇಳಿದಳು. ಹೂಂ ಎಂದೆ.

"ನನಗ ಹೇಳಿದ್ದಾತು. ಕಟ್ಟಿಗೆ ಹೋಗಿ ಹೇಳಿ ಬರ್ರಿ."

ಹೋದೆ. ಇಪ್ಪತ್ತು ಹೆಜ್ಜೆ. ಗಂಡಸೊಬ್ಬ ಆ ಹೊತ್ತಿನಲ್ಲಿ ಕಟ್ಟೆಯ ಕಡೆ ಬಂದದ್ದು ನೋಡಿ ಮಾತು ನಿಂತಿತು. ಎಲ್ಲ ಹೇಳಿದೆ. ಗಿರಿಜಾ ಒಂದಕ್ಷರ ಬಾಯಿ ಬಿಟ್ಟಿಲ್ಲ, ಕೇಳಿದ್ದು ನಾನು, ಹೇಳಿದ್ದೂ ನಾನು ಎಂದೆ. ಎಲ್ಲರ ಕಣ್ಣೂ ನನ್ನನ್ನು ದಾಟಿ ನಮ್ಮ ಗೋಡೆಯ ಮೇಲಿನ ಕ್ಯಾಮೆರಾದ ಕಡೆ ಹೋಯಿತು.

ಹಾಜಿರಾ ಬ್ಲೌಸುಗಳನ್ನು ಮಡಚಿ ಎದ್ದು ಮನೆಗೆ ನಡೆದಳು. ಹಿಂದಿನ ವಾರ ಅವಳು ಅಲ್ಲಿ ಕೂತು ಒಂದು ದುಃಖ ಹೇಳಿಕೊಂಡಿದ್ದಳು. (ಅದೇನೆಂದು ಇಲ್ಲಿ ಬರೆಯುವುದಿಲ್ಲ. ಇಷ್ಟಾದರೂ ಕಲಿತಿದ್ದೇನೆ.)

"ಏನೇನು ಕೇಳೀರಿ ಸರ್?" ರೇಣುಕಾ ಕೇಳಿದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಕಳ್ಳ ಹೊಕ್ಕ ಮನೆಯವರು ಏನೇನು ಹೋಗಿದೆ ಎಂದು ಹುಡುಕುತ್ತಾರಲ್ಲ, ಹಾಗಿತ್ತು.

ನಿಂಗಮ್ಮಜ್ಜಿ ಶೇಂಗಾ ಸುಲಿಯುತ್ತಲೇ ಇದ್ದಳು. ಆಮೇಲೆ ತಲೆ ಎತ್ತದೆ ಹೇಳಿದಳು.

"ಎದುರಿಗೆ ಬಂದು ಕುಂತಿದ್ರ ಚಾ ಕೊಟ್ಟು ಹೇಳ್ತಿದ್ವಿ ತಮ್ಮಾ."

ಇದಕ್ಕಿಂತ ದೊಡ್ಡ ಬೈಗುಳ ನನಗೆ ಈವರೆಗೆ ಬಿದ್ದಿಲ್ಲ.

ಅಲ್ಲಿಂದ ಕೊಟ್ರೇಶನ ಹತ್ತಿರ ಹೋದೆ. ಸ್ಟ್ಯಾಂಡಿನಲ್ಲಿ ಆಟೋ ಒರೆಸುತ್ತಿದ್ದ. ಅಂದು ಹೊಗಳಿದ್ದು ನಾಲ್ಕು ಜನರೆದುರು, ಹಾಗಾಗಿ ತಪ್ಪನ್ನೂ ಅದೇ ಇಬ್ಬರು ಆಟೋದವರ ಎದುರಿಗೇ ಹೇಳಿದೆ. ಅವನು ಬಟ್ಟೆ ಹಿಂಡುತ್ತ ಕೇಳಿದ. ಕೊನೆಗೆ ಹೇಳಿದ:

"ನಾ ಬ್ಯಾಡ ಅಂತಿದ್ದಿಲ್ಲ ಸರ್. ಆಕಿ ಬಾಯಿಲೆ ಕೇಳಿದ್ರ ನನಗೂ ಖುಷಿ ಆಗ್ತಿತ್ತು."

ನಾನು ಕಿತ್ತುಕೊಂಡದ್ದು ಅದನ್ನೇ. ಅಭಿವ್ಯಕ್ತಿ ಸ್ವಾತಂತ್ರ್ಯ ಎಂದರೆ ಮೈಕಿನ ಮುಂದೆ ಮಾತಾಡುವ ಹಕ್ಕು ಎಂದೇ ಇಷ್ಟು ವರ್ಷ ಪಾಠ ಮಾಡಿದವನು ನಾನು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಇವತ್ತು ಹೇಳಬೇಕೋ ನಾಳೆಗೆ ಇಟ್ಟುಕೊಳ್ಳಬೇಕೋ ಎಂದು ತಾನೇ ತೀರ್ಮಾನಿಸುವುದೂ ಅದರೊಳಗೇ ಬರುತ್ತದೆ ಎಂದು ಪುಸ್ತಕ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ರೇಣುಕಾ ಒಂದು ಮಾತನ್ನು ಎದೆಯಲ್ಲಿ ಬೆಚ್ಚಗಿಟ್ಟುಕೊಂಡು ಸಮಯ ಕಾಯುತ್ತಿದ್ದಳು. ನಾನು ಅದನ್ನು ಎತ್ತಿ ಹೋಟೆಲಿನ ಟೇಬಲ್ಲಿನ ಮೇಲೆ ಇಟ್ಟೆ, ಮಂಡಕ್ಕಿಯ ಪಕ್ಕದಲ್ಲಿ.

ಇನ್ನೊಂದು ವಿಷಯ ಗಮನಿಸಿ. ಸುದ್ದಿ ಸೋರಿದಾಗ ಆ ಹೆಂಗಸರಲ್ಲಿ ಒಬ್ಬರಿಗೂ ಕ್ಯಾಮೆರಾದ ಮೇಲೆ ಅನುಮಾನ ಬರಲಿಲ್ಲ. ತಮ್ಮೊಳಗಿನವರ ಮೇಲೇ ಬಂತು. ನಮ್ಮ ಫೋನುಗಳು, ಆ್ಯಪುಗಳು, ಮೂಲೆಮೂಲೆಯ ಕ್ಯಾಮೆರಾಗಳು ಏನೇನು ಕೇಳಿಸಿಕೊಳ್ಳುತ್ತವೋ ನನಗೆ ಗೊತ್ತಿಲ್ಲ. ಕೇಳುವವನು ಮರೆಯಲ್ಲಿದ್ದಷ್ಟು ಹೊತ್ತು ಜಗಳ ಮಾತಾಡಿದವರ ನಡುವೆಯೇ ನಡೆಯುತ್ತದೆ ಎಂಬುದು ಮಾತ್ರ ಗೊತ್ತಾಯಿತು. ಮತ್ತೆ ಕೇಳುವವನು ದೊಡ್ಡ ಖಳನಾಯಕ ಆಗಿರಬೇಕೆಂದೂ ಇಲ್ಲ. ಟೀ ಲೋಟ ಹಿಡಿದು ಬೇಜಾರಿಗೆ ಕೂತವನಾದರೂ ಸಾಕು.

ಅಂದೇ ಆ್ಯಪಿನಲ್ಲಿ ಧ್ವನಿ ಬಂದ್ ಮಾಡಿದೆ. ಹೋಗಿ ಕಟ್ಟೆಗೆ ಹೇಳಿ ಬಂದೆ. ಮರುದಿನ ಹಾಜಿರಾ ಗಿರಿಜಾಳ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದಳಂತೆ.

"ಬಂದ್ ಆಗೈತಂತ ನಮಗ ಹೆಂಗ ಗೊತ್ತಾಗಬೇಕಕ್ಕ?"

ದೊಡ್ಡ ದೊಡ್ಡ ಕಂಪನಿಗಳಿಗೆ ಕೇಳಬೇಕಾದ ಪ್ರಶ್ನೆ. ಅವರಿಗಾದರೂ ಇಪ್ಪತ್ತು ಪುಟದ ಷರತ್ತುಗಳಿವೆ, ತೋರಿಸುತ್ತಾರೆ. ನಾನೇನು ತೋರಿಸಲಿ? ಬಿಚ್ಚಲು ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ಕೆಲಸದ ಮೇಲೆ ಕೊಟ್ಟೂರಿಗೆ ಹೋಗಿದ್ದ, ಎರಡು ದಿನ ಆಗುತ್ತದೆ ಎಂದ. ನಿಂಗಮ್ಮಜ್ಜಿ ಕಾಯಲಿಲ್ಲ. ಮೊಮ್ಮಗುವಿನ ಹಳೆಯ ಕುಲಾವಿ ತಂದು, ನನ್ನನ್ನೇ ಸ್ಟೂಲು ಹತ್ತಿಸಿ, ಕ್ಯಾಮೆರಾದ ತಲೆಗೆ ಹಾಕಿಸಿ, ಗದ್ದದ ಕೆಳಗೆ ಕಟ್ಟಿಸಿದಳು. ಎರಡು ದಿನ ನಮ್ಮ ಗೋಡೆಯ ಮೇಲೆ ಕೆಂಪು ಕುಲಾವಿ ತೊಟ್ಟ ಕ್ಯಾಮೆರಾ ಇತ್ತು. ಓಣಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಜನ ಅದನ್ನು ನೋಡಿದರೇ ಹೊರತು ಅದು ಜನರನ್ನು ನೋಡಲಿಲ್ಲ. ಮೂರನೇ ದಿನ ಅಂಗಡಿಯವನು ಬಂದು ಬಿಚ್ಚಿಕೊಂಡು ಹೋದ.

ರೇಣುಕಾ ಪರೀಕ್ಷೆ ಬರೆದು ಬಂದಳು. ಕೊಟ್ರೇಶನೇ ಕರೆದುಕೊಂಡು ಹೋಗಿದ್ದ. ಫಲಿತಾಂಶ ಇನ್ನೂ ಬಂದಿಲ್ಲ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬದಲಿಸಿ ಎಂದಳು, ಎಲ್ಲರದೂ ಬದಲಿಸಿದ್ದೇನೆ. ಹಾಜಿರಾ ಹದಿನೈದು ದಿನ ಕಟ್ಟೆಗೆ ಬರಲಿಲ್ಲ. ಈಗ ಬರುತ್ತಾಳೆ, ಆದರೆ ನಮ್ಮ ಗೋಡೆಗೆ ಬೆನ್ನು ಮಾಡಿ ಕೂರುತ್ತಾಳೆ. ಗಿರಿಜಾಳನ್ನು ನಿಂಗಮ್ಮಜ್ಜಿಯೇ ಮನೆಗೆ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಮೂರು ಗಂಟೆಗೆ ಮತ್ತೆ ಅಲ್ಲಿ ಸರ್ಕಾರ ಬೀಳುತ್ತಿರಬೇಕು. ನನಗೆ ಗೊತ್ತಾಗುವುದಿಲ್ಲ.

ಎಲ್ಲ ಸರಿಹೋಯಿತು ಎಂದೇ ಬರೆದು ಮುಗಿಸುವವನಿದ್ದೆ. ನಿನ್ನೆ ಸಂಜೆ ಹರಪನಹಳ್ಳಿಯಿಂದ ಗಿರಿಜಾಳ ತಂಗಿಯ ಫೋನ್ ಬಂತು. ಅಕ್ಕ ತಂಗಿ ದಿನಾ ಮಾತಾಡುತ್ತಾರೆ. ನಡುಮನೆಯಲ್ಲಿ ಕೂತು, ಸ್ಪೀಕರ್ ಹಾಕಿ, ಟಿವಿಗಿಂತ ಜೋರಾಗಿ ಮಾತಾಡುವುದು ವಾಡಿಕೆ. ನಿನ್ನೆ ಗಿರಿಜಾ ಫೋನ್ ಎತ್ತಿಕೊಂಡಳು, ಸೋಫಾದಲ್ಲಿ ಪೇಪರ್ ಓದುತ್ತಿದ್ದ ನನ್ನನ್ನೊಮ್ಮೆ ನೋಡಿದಳು, ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು.

ನಮ್ಮ ಮನೆಯೊಳಗೆ ಎಲ್ಲೂ ಕ್ಯಾಮೆರಾ ಇಲ್ಲವಲ್ಲ, ಅವಳು ಬಾಗಿಲು ಹಾಕಿಕೊಂಡದ್ದು ಯಾರಿಗೆ?